ದಿನಾಂಕವಿಲ್ಲದ ಅಂಚು: ಸೈಡ್‌ಬಾರ್ ವಿಜೆಟ್‌ಗಳ ನಿರ್ವಹಣೆ

(ಕೊಪ್ಪಳದಲ್ಲಿ, ಸ್ವಂತ ಜಾಲತಾಣ ನಡೆಸುವ ಬರಹಗಾರರು, ಶಿಕ್ಷಕರು ಮತ್ತು ಸ್ಥಳೀಯ ವರದಿಗಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್‌ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋದದ್ದನ್ನು ಇಲ್ಲಿ ಕುಳಿತ ಯಾರೂ ಮರೆತಿರಲಾರರು. ಮರುದಿನ ಮಧ್ಯಾಹ್ನ ಕಾರಟಗಿ ಕಡೆಯ ಓದುಗರೊಬ್ಬರು ನನಗೆ ಫೋನ್ ಮಾಡಿ, "ಸರ್, ನಿಮ್ಮ ಪುಟದಾಗ ಡ್ಯಾಮ್ ತುಂಬೈತಿ ಅಂತ ಐತಿ, ಟೀವ್ಯಾಗ ನೋಡಿದ್ರ ಎಲ್ಲಾ ಗೇಟ್ ತಗದು ನೀರು ಬಿಡಾಕತ್ತಾರ, ಯಾವ್ದು ಖರೆ?" ಎಂದು ಕೇಳಿದರು.

ಟೀವಿಯದೇ ಖರೆಯಾಗಿತ್ತು. ಒತ್ತಡ ತಗ್ಗಿಸಲೆಂದು 33 ಗೇಟುಗಳನ್ನೂ ತೆರೆದು ನೀರು ಹರಿಸುತ್ತಿದ್ದ ಹೊತ್ತಿನಲ್ಲಿ, ನನ್ನ ಜಾಲತಾಣದ ಬಲಬದಿಯ ಪಟ್ಟಿಯಲ್ಲಿ 'ಇಂದಿನ ಜಲಾಶಯ ಮಟ್ಟ: 1633 ಅಡಿ, ಭರ್ತಿ' ಎಂಬ ಚೌಕವೊಂದು ನಿಶ್ಚಿಂತೆಯಿಂದ ಕುಳಿತಿತ್ತು. ಕೆಲವು ದಿನಗಳ ಹಿಂದೆ ಅದನ್ನು ಟೈಪಿಸಿದವನು ನಾನೇ. ಆ ಓದುಗರು ತೆರೆದಿದ್ದದ್ದು ಮುಖಪುಟವನ್ನೂ ಅಲ್ಲ. ಕಾಲುವೆಯ ಕೊನೆಭಾಗದ ರೈತರ ಬಗ್ಗೆ ನಾನು 2016ರಲ್ಲಿ ಬರೆದಿದ್ದ ಲೇಖನವನ್ನು. ಲೇಖನದ ಶೀರ್ಷಿಕೆಯ ಕೆಳಗೆ 2016ರ ದಿನಾಂಕವಿದ್ದುದರಿಂದ ಅದು ಹಳೆಯದೆಂದು ಅವರಿಗೆ ತಿಳಿದಿತ್ತು. ಪಕ್ಕದ ಚೌಕಕ್ಕೆ ಮಾತ್ರ ಯಾವ ದಿನಾಂಕವೂ ಇರಲಿಲ್ಲ, 'ಇಂದಿನ' ಎಂಬ ಪದವಷ್ಟೇ ಇತ್ತು. ನಾನು ಕೂಡಲೇ ಲಾಗಿನ್ ಆಗಿ ಅಂಕಿಯನ್ನು ಅಳಿಸಿದೆ. ಅರ್ಧ ಗಂಟೆಯ ನಂತರ ಅವರೇ ಮತ್ತೆ ಫೋನ್ ಮಾಡಿ, "ಇನ್ನೂ ಹಂಗ ಐತ್ರಿ" ಎಂದರು. ಅದು ಏಕೆ ಹಾಗೆ ಉಳಿಯಿತೆಂಬುದಕ್ಕೆ ಆಮೇಲೆ ಬರುತ್ತೇನೆ.

ಪುಟದ ಪಕ್ಕದ ಪಟ್ಟಿಯೇ ಸೈಡ್‌ಬಾರ್, ಅದರಲ್ಲಿ ಇಡುವ ಇಂಥ ಒಂದೊಂದು ಚೌಕವೂ ಒಂದು ವಿಜೆಟ್. ಈ ಸೈಡ್‌ಬಾರ್ ವಿಜೆಟ್‌ಗಳ ಬಗ್ಗೆ ನಾನು ಇಂದು ಹೇಳಬೇಕೆಂದಿರುವುದೆಲ್ಲ ಈ ಒಂದು ಫೋನ್ ಕರೆಯಿಂದ ಹುಟ್ಟಿದ್ದು. ನಾವು ಬರೆಯುವ ಬರಹಕ್ಕೆ ದಿನಾಂಕವಿರುತ್ತದೆ ಮತ್ತು ಅದು ತನ್ನ ಪುಟದಲ್ಲಿ ಮಾತ್ರ ಇರುತ್ತದೆ. ವಿಜೆಟ್‌ಗೆ ದಿನಾಂಕವಿಲ್ಲ, ಆದರೆ ಅದು ಹತ್ತು ವರ್ಷದ ಹಿಂದಿನ ಪುಟದ ಪಕ್ಕದಲ್ಲೂ ಇವತ್ತಿನ ಪುಟದ ಪಕ್ಕದಲ್ಲೂ ನಿಂತು, ಸದಾ ವರ್ತಮಾನ ಕಾಲದಲ್ಲೇ ಮಾತನಾಡುತ್ತದೆ. ಅದರ ಬಣ್ಣ, ಅಗಲ, ಅಲಂಕಾರಗಳ ಬಗ್ಗೆ ನಾವು ಗಂಟೆಗಟ್ಟಲೆ ಯೋಚಿಸುತ್ತೇವೆ. ಅದು ಹೇಳುತ್ತಿರುವ ಮಾತು ಇನ್ನೂ ನಿಜವೇ ಎಂಬುದನ್ನು ತಿರುಗಿ ನೋಡುವುದಿಲ್ಲ.

ಹಳೆಯ ಮನೆಗಳಲ್ಲಿ ಗೋಡೆಯ ಮೇಲ್ಭಾಗದಲ್ಲಿ ನಾಗೊಂದಿಗೆ ಇರುತ್ತಿತ್ತಲ್ಲ, ನನ್ನ ಸೈಡ್‌ಬಾರ್ ಹಾಗೆಯೇ ಆಗಿತ್ತು. ಬೇಕಾದದ್ದು, ಬೇಡವಾದದ್ದು, ಯಾವಾಗಲಾದರೂ ಬೇಕಾದೀತು ಎನ್ನುವಂಥದ್ದು ಎಲ್ಲವನ್ನೂ ಮೇಲೆ ಎಸೆದಿರುತ್ತೇವೆ. ಇಳಿಸುವುದು ಸುಣ್ಣ ಬಳಿಸುವ ದಿನ ಮಾತ್ರ. ಆ ಆಗಸ್ಟ್ ವಾರದಲ್ಲಿ ಕುಳಿತು ಎಣಿಸಿದಾಗ ನನ್ನ ಪಟ್ಟಿಯಲ್ಲಿ 17 ವಿಜೆಟ್‌ಗಳಿದ್ದವು. ಅವುಗಳಲ್ಲಿ ನಾಲ್ಕನ್ನು ಏಕೆ ಹಾಕಿದ್ದೆನೆಂದು ನನಗೇ ನೆನಪಿರಲಿಲ್ಲ.

ನಿರ್ವಹಣೆಯ ಮಾತಿಗೆ ಮೊದಲು ಇದು ಒಳಗಿನಿಂದ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ತಪ್ಪುಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ 2003ರಲ್ಲಿ ಬಂದಾಗ ವಿಜೆಟ್ ಎಂಬುದೇ ಇರಲಿಲ್ಲ. ಪಕ್ಕದ ಪಟ್ಟಿಯಲ್ಲಿ ಒಂದು ಕೊಂಡಿ ಸೇರಿಸಬೇಕಾದರೂ ಥೀಮಿನ, ಅಂದರೆ ತಾಣದ ಹೊರರೂಪವನ್ನು ನಿರ್ಧರಿಸುವ ಕಡತಗಳ ಗುಂಪಿನ, ಸೈಡ್‌ಬಾರ್ ಕಡತವನ್ನು ತೆರೆದು ಕೋಡ್ ತಿದ್ದಬೇಕಿತ್ತು. ಒಂದು ಅರ್ಧವಿರಾಮ ಬಿಟ್ಟುಹೋದರೆ ಇಡೀ ತಾಣ ಬಿಳಿ ಹಾಳೆಯಾಗುತ್ತಿತ್ತು. 2006ರಲ್ಲಿ ವಿಜೆಟ್‌ಗಳು ಪ್ರತ್ಯೇಕ ಪ್ಲಗಿನ್ (ಬೇಕೆಂದರೆ ಸೇರಿಸಿಕೊಳ್ಳುವ ಪೂರಕ ತಂತ್ರಾಂಶ) ಆಗಿ ಬಂದವು, 2007ರ 2.2ನೆಯ ಆವೃತ್ತಿಯಿಂದ ವರ್ಡ್‌ಪ್ರೆಸ್‌ನ ಅಂಗವೇ ಆದವು. ಗೂಗಲ್‌ನ ಉಚಿತ ಬ್ಲಾಗ್ ಸೇವೆಯಾದ ಬ್ಲಾಗರ್‌ನಲ್ಲಿ ಇವನ್ನೇ ಗ್ಯಾಜೆಟ್ ಎನ್ನುತ್ತಾರೆ. ಲೇಔಟ್ ಪುಟಕ್ಕೆ ಹೋಗಿ ಹಿಡಿದು ಎಳೆದು ಜಾಗ ಬದಲಿಸಬಹುದು. ನಾನು 2009ರಲ್ಲಿ ಬ್ಲಾಗರ್‌ನಲ್ಲಿ ಬರೆಯಲು ಆರಂಭಿಸಿದಾಗ ಮೊದಲ ವಾರ ಬರೆದದ್ದಕ್ಕಿಂತ ಗ್ಯಾಜೆಟ್‌ಗಳನ್ನು ಎಳೆದಾಡಿದ್ದೇ ಹೆಚ್ಚು. ಸೇರಿಸುವುದು ಇಷ್ಟು ಸುಲಭವಾದ ದಿನದಿಂದಲೇ ತೆಗೆಯುವ ಅಭ್ಯಾಸ ನಮ್ಮಿಂದ ದೂರವಾಯಿತು ಎಂದು ನನ್ನ ಅನಿಸಿಕೆ.

ಜಾಗವನ್ನು ಕೊಡುವುದು ಥೀಮ್, ಆ ಜಾಗದಲ್ಲಿ ಇಡುವ ಸಾಮಾನು ವಿಜೆಟ್. ಬಲಬದಿ, ಎಡಬದಿ, ಅಡಿಪಟ್ಟಿ ಎಂದು ಥೀಮ್ ತನ್ನಲ್ಲಿರುವ ಜಾಗಗಳನ್ನು ಘೋಷಿಸುತ್ತದೆ. ಯಾವ ಜಾಗದಲ್ಲಿ ಯಾವ ವಿಜೆಟ್, ಯಾವ ಅನುಕ್ರಮದಲ್ಲಿ ಎಂಬ ಪಟ್ಟಿಯು ಡೇಟಾಬೇಸಿನಲ್ಲಿ ಒಂದೇ ಕಡೆ ಉಳಿಯುತ್ತದೆ. ಪ್ರತಿ ಪುಟ ತೆರೆದಾಗಲೂ ಆ ಪಟ್ಟಿಯನ್ನು ಓದಿ ಪಕ್ಕದಲ್ಲಿ ಮುದ್ರಿಸಲಾಗುತ್ತದೆ. ಆದ್ದರಿಂದ ಒಂದು ಕಡೆ ಬದಲಿಸಿದರೆ ಸಾವಿರ ಪುಟಗಳಲ್ಲಿ ಬದಲಾಗುತ್ತದೆ. ಅನುಕೂಲವೂ ಇದೇ, ಅಪಾಯವೂ ಇದೇ.

ಈಗ ಅರ್ಧ ಗಂಟೆಯ ನಂತರವೂ ಕಾರಟಗಿಯವರಿಗೆ ಹಳೆಯ ಅಂಕಿಯೇ ಕಂಡದ್ದೇಕೆ ಎಂಬುದು ನಿಮಗೆ ಹೊಳೆದಿರಬಹುದು. ತಾಣ ಬೇಗ ತೆರೆಯಲೆಂದು ನಾನು ಕ್ಯಾಷ್ ಪ್ಲಗಿನ್ ಹಾಕಿಕೊಂಡಿದ್ದೆ. ಅದು ಪ್ರತಿ ಪುಟವನ್ನೂ ಒಮ್ಮೆ ಸಿದ್ಧಪಡಿಸಿ, ಸೈಡ್‌ಬಾರ್ ಸಮೇತ ಫೋಟೋ ತೆಗೆದಂತೆ ಇಟ್ಟುಕೊಂಡು, ಮುಂದೆ ಬಂದವರಿಗೆಲ್ಲ ಅದನ್ನೇ ತೋರಿಸುತ್ತದೆ. ಬರಹವನ್ನು ತಿದ್ದಿದರೆ ಆ ಬರಹದ ಪುಟವನ್ನು ಅದು ಹೊಸದಾಗಿ ಕಟ್ಟುತ್ತಿತ್ತು. ವಿಜೆಟ್ ತಿದ್ದಿದಾಗ ಯಾವ ಪುಟವನ್ನು ಕಟ್ಟಬೇಕು? ಎಲ್ಲವನ್ನೂ ಕಟ್ಟಬೇಕು. ನನ್ನ ತಾಣದ ಹೊಂದಾಣಿಕೆಯಲ್ಲಿ ಅದು ತಾನಾಗಿ ಆಗುತ್ತಿರಲಿಲ್ಲ. ಲಾಗಿನ್ ಆಗಿದ್ದ ನನಗೆ ಮಾತ್ರ ಹೊಸ ಪುಟ ಕಾಣುತ್ತಿತ್ತು, ಊರಿಗೆಲ್ಲ ಹಳೆಯದು. ಹಾಗಾಗಿ ಒಂದು ಮಾತನ್ನು ನೆನಪಿಡಿ: ವಿಜೆಟ್ ಬದಲಿಸಿದ ಮೇಲೆ ಕ್ಯಾಷ್ ಪೂರ್ತಿ ಖಾಲಿ ಮಾಡಿ, ಬಳಿಕ ಲಾಗಿನ್ ಇಲ್ಲದ ಬೇರೆ ಮೊಬೈಲಿನಲ್ಲಿ, ಮುಖಪುಟವನ್ನಲ್ಲ, ಒಂದು ಹಳೆಯ ಬರಹದ ಪುಟವನ್ನು ತೆರೆದು ನೋಡಿ. ಮನೆಯವರ ಮೊಬೈಲ್ ಈ ಕೆಲಸಕ್ಕೆ ಸಾಕು.

ನನ್ನ 17 ವಿಜೆಟ್‌ಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡಾಗ ಅವು ತಾವಾಗಿಯೇ ಬೇರ್ಪಟ್ಟವು. ಇತ್ತೀಚಿನ ಬರಹಗಳು, ತಿಂಗಳವಾರು ಸಂಗ್ರಹ, ವಿಭಾಗಗಳು ಇವು ತಾವೇ ಬದಲಾಗುವಂಥವು. ಸೂಚನೆ, ಚಿತ್ರ, ಕೊಂಡಿಗಳ ಪಟ್ಟಿ, ನನ್ನ ಜಲಾಶಯದ ಚೌಕ ಇವು ನಾವು ಕೈಯಿಂದ ಬದಲಿಸಿದರೆ ಮಾತ್ರ ಬದಲಾಗುವಂಥವು. ಮೂರನೆಯವು ಹೊರಗಿನವರ ಕೋಡು: ಭೇಟಿ ಎಣಿಕೆ, ಸಾಮಾಜಿಕ ಜಾಲತಾಣದ ಪೆಟ್ಟಿಗೆ, ಜಾಹೀರಾತು, ಗಡಿಯಾರ. ನೀವೂ ನಿಮ್ಮ ತಾಣದ ಪಟ್ಟಿಯನ್ನು ಹೀಗೆ ಬರೆದು, ಪ್ರತಿಯೊಂದರ ಮುಂದೆ 'ಇದನ್ನು ನೋಡಿಕೊಳ್ಳುವವರು ಯಾರು' ಎಂದು ಹೆಸರು ಹಾಕಲು ಪ್ರಯತ್ನಿಸಿ. ಹೆಸರು ಹಾಕಲಾಗದ ಸಾಲುಗಳೇ ನಿಮ್ಮ ಕೆಲಸದ ಪಟ್ಟಿ.

ಹೊರಗಿನ ಕೋಡಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನನಗೆ ಹೆಚ್ಚು ಪೆಟ್ಟು ಬಿದ್ದದ್ದು ಅಲ್ಲಿ. 2010ರ ಸುಮಾರಿಗೆ ನಮ್ಮಲ್ಲಿ ಬಹುತೇಕರ ಬ್ಲಾಗಿನಲ್ಲಿ ಫ್ಲ್ಯಾಶ್ ಗಡಿಯಾರವೊಂದು ತಿರುಗುತ್ತಿತ್ತು. ಫ್ಲ್ಯಾಶ್ ತಂತ್ರಾಂಶಕ್ಕೆ ಬೆಂಬಲ 2020ರ ಡಿಸೆಂಬರ್ 31ಕ್ಕೆ ನಿಂತುಹೋಯಿತು. ಗಡಿಯಾರದ ಜಾಗದಲ್ಲಿ ಬೂದು ಚೌಕ ಉಳಿಯಿತು. ಗೂಗಲ್‌ನ ಸಾಮಾಜಿಕ ಜಾಲತಾಣ ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಚ್ಚಿತು, ಅದರ ಬ್ಯಾಡ್ಜ್ ಹಲವು ತಾಣಗಳಲ್ಲಿ ಆಮೇಲೂ ವರ್ಷಗಟ್ಟಲೆ ಉಳಿದಿತ್ತು. ಫೀಡ್‌ಬರ್ನರ್ ತನ್ನ ಇಮೇಲ್ ಚಂದಾ ಸೇವೆಯನ್ನು 2021ರಲ್ಲಿ ನಿಲ್ಲಿಸಿತು. ನನ್ನ ಪುಟದಲ್ಲಿ ಅದರ ಪೆಟ್ಟಿಗೆ ಇನ್ನೂ ಇತ್ತು. 'ಹೊಸ ಬರಹಗಳು ನಿಮ್ಮ ಇಮೇಲ್‌ಗೆ ಬರುತ್ತವೆ' ಎಂದು ಅದರ ಮೇಲೆ ನಾನೇ ಬರೆದಿದ್ದೆ. ಯಾವ ಪತ್ರವನ್ನೂ ಕಳಿಸದ ಆ ಪೆಟ್ಟಿಗೆಯ ಮುಂದೆ ಎಷ್ಟು ಜನ ನಿಂತು ಹೋದರೋ.

ಇವೆಲ್ಲ ಸತ್ತ ವಿಜೆಟ್‌ಗಳು. ನೋಡಲು ಕೆಟ್ಟದಾಗಿರುತ್ತವೆ, ಅಷ್ಟೆ. ಬದುಕಿದ್ದು ಕೈ ಬದಲಾದ ವಿಜೆಟ್ ಇನ್ನೂ ಕೆಟ್ಟದ್ದು. ಬ್ಲಾಗ್ ದಿನಗಳಲ್ಲೇ ನಾನೊಂದು ಉಚಿತ ಭೇಟಿ ಎಣಿಕೆಯ ಕೋಡನ್ನು ಎಲ್ಲಿಂದಲೋ ತಂದು ಪಟ್ಟಿಯ ತುದಿಯಲ್ಲಿ ಅಂಟಿಸಿದ್ದೆ. ವರ್ಡ್‌ಪ್ರೆಸ್‌ಗೆ ಬಂದಾಗ ಅದನ್ನೂ ಮಮತೆಯಿಂದ ಜೊತೆಗೆ ತಂದೆ. ಲಕ್ಷ ದಾಟಿದ ಅಂಕಿಯನ್ನು ಬಿಡಲು ಯಾರಿಗೆ ಮನಸ್ಸಾಗುತ್ತದೆ ಹೇಳಿ. ಕೆಲವು ವರ್ಷಗಳ ನಂತರ ಒಬ್ಬ ಮುಖ್ಯೋಪಾಧ್ಯಾಯರು ಸಂಕೋಚದಿಂದಲೇ ಹೇಳಿದರು: ಮಕ್ಕಳಿಗೆ ತೋರಿಸಲೆಂದು ಮಸ್ಕಿಯ ಅಶೋಕ ಶಾಸನದ ಲೇಖನವನ್ನು ಮೊಬೈಲಿನಲ್ಲಿ ತೆರೆದರೆ, ಅದು ಜೂಜಿನ ಪುಟವೊಂದಕ್ಕೆ ಹಾರುತ್ತಿದೆ ಎಂದು. ನನ್ನ ಕಂಪ್ಯೂಟರಿನಲ್ಲಿ ಹಾಗಾಗುತ್ತಿರಲಿಲ್ಲ. ಪಾಸ್‌ವರ್ಡ್ ಬದಲಿಸಿದೆ, ಪ್ಲಗಿನ್‌ಗಳನ್ನು ಒಂದೊಂದಾಗಿ ನಿಲ್ಲಿಸಿದೆ, ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಸಿಕ್ಕಿಬಿದ್ದದ್ದು ಆ ಎಣಿಕೆಯ ಕೋಡು. ಅದು ಸ್ಕ್ರಿಪ್ಟನ್ನು (ಪುಟ ತೆರೆದಾಗ ಓಡುವ ಪುಟ್ಟ ಪ್ರೋಗ್ರಾಮನ್ನು) ತರಿಸಿಕೊಳ್ಳುತ್ತಿದ್ದ ವಿಳಾಸ ಬೇರೆ ಯಾರದೋ ಕೈಗೆ ಹೋಗಿತ್ತು, ಮತ್ತು ಹೊಸಬರು ಮೊಬೈಲಿನಲ್ಲಿ ಬಂದವರನ್ನು ಮಾತ್ರ ಬೇರೆಡೆಗೆ ಕಳಿಸುತ್ತಿದ್ದರು.

ಇದರಲ್ಲಿ ಅಚ್ಚರಿಯೇನೂ ಇಲ್ಲ. ಹೊರಗಿನ ಸ್ಕ್ರಿಪ್ಟನ್ನು ನಮ್ಮ ಪುಟಕ್ಕೆ ನೇರವಾಗಿ ಅಂಟಿಸಿದರೆ, ಪುಟದಲ್ಲಿ ಏನು ಬೇಕಾದರೂ ಮಾಡುವ ಅಧಿಕಾರವನ್ನು ಆ ವಿಳಾಸದವರಿಗೆ ಕೊಟ್ಟಂತೆ, ಮತ್ತು ಅದು ಸೈಡ್‌ಬಾರಿನಲ್ಲಿ ಇರುವುದರಿಂದ ಎಲ್ಲ ಪುಟಗಳ ಮೇಲೂ ಕೊಟ್ಟಂತೆ. ಈಗ ನನ್ನ ಪಟ್ಟಿಯಲ್ಲಿ ಹೊರಗಿನ ಸ್ಕ್ರಿಪ್ಟ್ ಒಂದೂ ಇಲ್ಲ. ಫೇಸ್‌ಬುಕ್, ಯೂಟ್ಯೂಬ್ ಪುಟಗಳಿಗೆ ಅವರ ಪೆಟ್ಟಿಗೆಯ ಬದಲು ಸಾದಾ ಕೊಂಡಿ ಇಟ್ಟಿದ್ದೇನೆ. ಹಳ್ಳಿಯ ನೆಟ್‌ವರ್ಕಿನಲ್ಲಿ ಪುಟ ತೆರೆಯುವ ವೇಗದಲ್ಲೂ ವ್ಯತ್ಯಾಸ ಕಂಡಿತು. ಜಾಹೀರಾತಿನಿಂದ ಆದಾಯವಿರುವವರು ಅದನ್ನು ಇಟ್ಟುಕೊಳ್ಳಬೇಕಾಗುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಯಾವ ಕೋಡು, ಯಾವಾಗ, ಎಲ್ಲಿಂದ ತಂದದ್ದು ಎಂಬುದನ್ನು ಒಂದು ಕಡತದಲ್ಲಿ ಬರೆದಿಟ್ಟಿರಿ.

ಇನ್ನು ತಾವೇ ಬದಲಾಗುವ ವಿಜೆಟ್‌ಗಳು. ಇವುಗಳಿಗೆ ಆರೈಕೆ ಕಡಿಮೆ ಎಂದುಕೊಳ್ಳುತ್ತೇವೆ. ಕನ್ನಡದ ತಾಣಕ್ಕೆ ಅದು ಅಷ್ಟು ನಿಜವಲ್ಲ. ಹುಡುಕು ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ವರ್ಡ್‌ಪ್ರೆಸ್‌ನ ಸ್ವಂತ ಹುಡುಕಾಟವು ನೀವು ಟೈಪಿಸಿದ ಅಕ್ಷರಗಳ ಸಾಲು ಬರಹದೊಳಗೆ ಎಲ್ಲಾದರೂ ಇದೆಯೇ ಎಂದಷ್ಟೇ ನೋಡುತ್ತದೆ. 'ತೊಗರಿ' ಎಂದು ಹುಡುಕಿದರೆ 'ತೊಗರಿಬೇಳೆ'ಯೂ ಸಿಗುತ್ತದೆ, 'ತೊಗರಿಯನ್ನು' ಎಂಬುದೂ ಸಿಗುತ್ತದೆ. ಆದರೆ 'ತೊಗರಿಯನ್ನು' ಎಂದು ಹುಡುಕಿದವರಿಗೆ ಬರಿಯ 'ತೊಗರಿ' ಇರುವ ಬರಹ ಸಿಗುವುದಿಲ್ಲ. ನಮ್ಮ ಭಾಷೆಯಲ್ಲಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುವುದರಿಂದ ಇಂಗ್ಲಿಷಿನವರಿಗಿಂತ ಇದು ನಮಗೆ ಹೆಚ್ಚು ಬಾಧಿಸುತ್ತದೆ. ಪೆಟ್ಟಿಗೆಯೊಳಗೆ ಮಸುಕಾಗಿ ಕಾಣುವ 'ಹುಡುಕಿ' ಎಂಬ ಪದವನ್ನು ತೆಗೆದು 'ಮೂಲಪದ ಬರೆಯಿರಿ: ತೊಗರಿ, ಹತ್ತಿ' ಎಂದು ಹಾಕಿದೆ. ಇಷ್ಟು ಸಣ್ಣ ಬದಲಾವಣೆಯಿಂದ 'ಏನೂ ಸಿಗುವುದಿಲ್ಲ' ಎಂಬ ದೂರುಗಳು ಕಡಿಮೆಯಾದವು.

ಬರಹಗಳಿಗೆ ಅಂಟಿಸುವ ವಿಷಯಸೂಚಕ ಪದಗಳನ್ನೆಲ್ಲ (ಟ್ಯಾಗುಗಳನ್ನು) ಒಂದೆಡೆ ತೋರಿಸುವ, ಟ್ಯಾಗ್ ಮೋಡ ಎಂದು ಕರೆಯುವ ವಿಜೆಟ್ ಇದೆಯಲ್ಲ, ಅದರಲ್ಲಿ ನಮ್ಮ ಅಸಡ್ಡೆಯೆಲ್ಲ ಬಯಲಾಗುತ್ತದೆ. ನನ್ನಲ್ಲಿ 'ಕಿನ್ನಾಳ', 'ಕಿನ್ಹಾಳ', 'ಕಿನ್ನಾಳ ಕಲೆ', 'ಕಿನ್ನಾಳದ ಗೊಂಬೆ' ಎಂದು ಒಂದೇ ವಿಷಯಕ್ಕೆ ನಾಲ್ಕು ಟ್ಯಾಗುಗಳಿದ್ದವು. ಒಂದೊಂದರಲ್ಲೂ ಎರಡೆರಡು ಬರಹ. ಊರಿನ ಹೆಸರನ್ನು ಎರಡು ರೀತಿಯಲ್ಲಿ ಬರೆಯುವ ರೂಢಿ ನಮ್ಮಲ್ಲಿರುವಾಗ ಒಂದನ್ನು ಆರಿಸಿ ನಿಲ್ಲಬೇಕು, ಮತ್ತೊಂದು ಬರಹದ ಒಳಗೆ ಒಮ್ಮೆ ಬಂದರೆ ಹುಡುಕಾಟಕ್ಕೆ ಸಾಕು. ಟ್ಯಾಗುಗಳನ್ನು ಕೂಡಿಸಿದ ಮೇಲೆ ಮೋಡವನ್ನೇ ತೆಗೆದುಹಾಕಿದೆ. ದೊಡ್ಡ ಅಕ್ಷರ, ಸಣ್ಣ ಅಕ್ಷರಗಳ ಆ ರಾಶಿಯನ್ನು ಒತ್ತಿ ಒಳಗೆ ಹೋದ ಓದುಗರನ್ನು ನಾನಂತೂ ಕಂಡಿಲ್ಲ.

ವಿಭಾಗಗಳ ವಿಜೆಟ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಈ ಭಾಗದವರೆಲ್ಲ ಒಂದೇ ತಪ್ಪು ಮಾಡುತ್ತೇವೆ: ಜಿಲ್ಲೆಯ ಹೆಸರಿನ ಮೇಲೆ ವಿಭಾಗ ಮಾಡುತ್ತೇವೆ. ನಾನು ಬಳ್ಳಾರಿ, ರಾಯಚೂರು, ಕೊಪ್ಪಳ ಎಂದು ಮೂರು ಮಾಡಿಕೊಂಡಿದ್ದೆ. ಹಂಪಿ, ಹೊಸಪೇಟೆಯ ಬರಹಗಳೆಲ್ಲ ಬಳ್ಳಾರಿಯ ಅಡಿಯಲ್ಲಿದ್ದವು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಸೈಡ್‌ಬಾರ್ ಮಾತ್ರ ಹಂಪಿಯನ್ನು ಬಳ್ಳಾರಿಯಲ್ಲೇ ಇಟ್ಟುಕೊಂಡಿತ್ತು. ಹರಪನಹಳ್ಳಿಯ ಕಥೆ ಇನ್ನೂ ಸೊಗಸು: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮುಂದೆ ಬಳ್ಳಾರಿಗೆ ಮರಳಿ, ಈಗ ವಿಜಯನಗರದಲ್ಲಿದೆ. ಕೊಪ್ಪಳವೇ 1997ರವರೆಗೆ ರಾಯಚೂರಿನ ಭಾಗವಾಗಿತ್ತಲ್ಲವೇ? ಬರಹದೊಳಗೆ 'ಬಳ್ಳಾರಿ ಜಿಲ್ಲೆಯ ಹಂಪಿ' ಎಂದಿದ್ದರೆ ದೋಷವಿಲ್ಲ, ಬರೆದ ದಿನಾಂಕ ಮೇಲೆಯೇ ಇದೆ. ವಿಭಾಗದ ವಿಜೆಟ್‌ಗೆ ಆ ರಕ್ಷಣೆ ಇಲ್ಲ.

ಸರಿಪಡಿಸಲು ಹೋದಾಗ ಇನ್ನೊಂದು ತಪ್ಪು ಮಾಡಿದೆ. ವಿಭಾಗದ ಹೆಸರು ಬದಲಿಸುವುದರ ಜೊತೆಗೆ ಅದರ ವಿಳಾಸದ ತುಣುಕನ್ನೂ ಬದಲಿಸಿದೆ. ಬರಹದ ವಿಳಾಸ ಬದಲಾದರೆ ವರ್ಡ್‌ಪ್ರೆಸ್ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕರೆದೊಯ್ಯುತ್ತದೆ, ವಿಭಾಗಕ್ಕೆ ಹಾಗೆ ಮಾಡುವುದಿಲ್ಲ. ಹೊರಗಿನವರು ಕೊಟ್ಟಿದ್ದ ಕೊಂಡಿಗಳೆಲ್ಲ ಒಮ್ಮೆಲೇ ಮುರಿದವು. ಓದುಗರಿಗೆ ಕಾಣುವ ಹೆಸರನ್ನು ಬದಲಿಸಿ, ವಿಳಾಸವನ್ನು ಇದ್ದಂತೆಯೇ ಬಿಡಿ. ಅಥವಾ ಬದಲಿಸುವುದೇ ಆದರೆ ಹಳೆಯದರಿಂದ ಹೊಸದಕ್ಕೆ ಕಳಿಸುವ ವ್ಯವಸ್ಥೆಯನ್ನು ಮೊದಲು ಮಾಡಿ. ಈಗ ನನ್ನ ವಿಭಾಗಗಳು ನೀರಾವರಿ, ಪೇಟೆ ಧಾರಣೆ, ಶಾಸನ, ಕುಶಲ ಕಲೆ ಎಂದು ವಿಷಯದ ಮೇಲಿವೆ. ಸರ್ಕಾರ ಇನ್ನೊಂದು ಜಿಲ್ಲೆ ಮಾಡಿದರೂ ಅವು ಅಲುಗುವುದಿಲ್ಲ.

ತಿಂಗಳವಾರು ಸಂಗ್ರಹವನ್ನು ಡ್ರಾಪ್‌ಡೌನ್, ಅಂದರೆ ಒತ್ತಿದಾಗ ಮಾತ್ರ ಬಿಚ್ಚಿಕೊಳ್ಳುವ ಪಟ್ಟಿ, ಮಾಡಿಬಿಡಿ. ಹತ್ತು ವರ್ಷಕ್ಕೆ 120 ಸಾಲುಗಳನ್ನು ಯಾರೂ ಓದುವುದಿಲ್ಲ.

ಈಗ ಕೈಯಿಂದ ಬದಲಿಸುವ ವಿಜೆಟ್‌ಗಳು, ಅಂದರೆ ನನ್ನ ಜಲಾಶಯದ ಚೌಕದ ಜಾತಿಯವು. ಗವಿಸಿದ್ಧೇಶ್ವರ ಜಾತ್ರೆಯ ಪೋಸ್ಟರನ್ನು ಜನವರಿಯಲ್ಲಿ ಉತ್ಸಾಹದಿಂದ ಹಾಕುತ್ತೇವೆ. ಕಾರಹುಣ್ಣಿಮೆಗೂ ಅದು ಅಲ್ಲೇ ಇರುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಬರಹವನ್ನು ಮುಂದಿನ ದಿನಕ್ಕೆ ನಿಗದಿಪಡಿಸಬಹುದು. ವಿಜೆಟ್ ಇಂಥ ದಿನ ಇಳಿಯಲಿ ಎಂದು ಹೇಳಲು ಅದರಲ್ಲೇ ಒಂದು ಖಾನೆ ಇಲ್ಲ. ಆದ್ದರಿಂದ ಹಾಕಿದ ಕೂಡಲೇ, ಇನ್ನೊಂದು ಕೆಲಸಕ್ಕೆ ಏಳುವ ಮೊದಲು, ತೆಗೆಯುವ ದಿನವನ್ನು ಮೊಬೈಲ್ ಕ್ಯಾಲೆಂಡರಿನಲ್ಲಿ ಬರೆಯಿರಿ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ, ಅಮಾವಾಸ್ಯೆ ನೋಡುವಾಗ ಕಣ್ಣಿಗೆ ಬೀಳುತ್ತದೆ.

ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ, ಇವತ್ತು ನೀವು ಒಂದೇ ವಿಷಯ ಒಯ್ಯುವುದಾದರೆ ಇದನ್ನು ಒಯ್ಯಿರಿ. ಮೇಲಿಂದ ಮೇಲೆ ಬದಲಾಗುವ ಮಾಹಿತಿಯನ್ನು ವಿಜೆಟ್‌ನಲ್ಲಿ ಟೈಪಿಸಬೇಡಿ. ಅದನ್ನು ಒಂದು ಪುಟ್ಟ ಬರಹವಾಗಿ ಪ್ರಕಟಿಸಿ. 'ಜಲಾಶಯ ಮಟ್ಟ' ಎಂಬ ವಿಭಾಗ ಮಾಡಿ, ಅಂದಿನ ಅಂಕಿಯನ್ನು ಶೀರ್ಷಿಕೆಯಲ್ಲೇ ಬರೆದು ಪ್ರಕಟಿಸಿ. ಸೈಡ್‌ಬಾರಿನಲ್ಲಿ 'ಇತ್ತೀಚಿನ ಬರಹಗಳು' ಬ್ಲಾಕನ್ನು (ಈಗಿನ ವರ್ಡ್‌ಪ್ರೆಸ್‌ನಲ್ಲಿ ಪುಟದ ಒಂದೊಂದು ತುಂಡಿಗೂ ಬ್ಲಾಕ್ ಎಂದೇ ಹೆಸರು) ಇಟ್ಟು, ಆ ವಿಭಾಗವನ್ನು ಮಾತ್ರ ಆರಿಸಿ, ಸಂಖ್ಯೆಯನ್ನು ಒಂದಕ್ಕೆ ಇಳಿಸಿ, 'ದಿನಾಂಕ ತೋರಿಸು' ಎಂಬುದನ್ನು ಒತ್ತಿ. ಅಲ್ಲಿಗೆ ವಿಜೆಟ್‌ಗೆ ದಿನಾಂಕ ಬಂತು, ಅದೂ ನಾವು ಟೈಪಿಸದೆ, ಮರೆಯಲು ಆಸ್ಪದವೇ ಇಲ್ಲದಂತೆ. ಹಳೆಯ ಅಂಕಿಗಳೂ ಅಳಿಯದೆ ಉಳಿಯುತ್ತವೆ. ಹೋದ ವರ್ಷ ಇದೇ ದಿನ ಎಷ್ಟಿತ್ತು ಎಂದು ಕೇಳಿದವರಿಗೆ ಈಗ ನನ್ನಲ್ಲಿ ಉತ್ತರವಿದೆ. ಬ್ಲಾಗರ್‌ನಲ್ಲಿರುವವರು ಒಂದು ಲೇಬಲ್‌ನ (ಅಲ್ಲಿ ವಿಭಾಗಕ್ಕೆ ಹೀಗೆನ್ನುತ್ತಾರೆ) ಫೀಡ್ ವಿಳಾಸವನ್ನು, ಅಂದರೆ ಹೊಸ ಬರಹಗಳ ಪಟ್ಟಿ ತಾನಾಗಿ ಸಿಗುವ ವಿಳಾಸವನ್ನು, ಫೀಡ್ ಗ್ಯಾಜೆಟ್‌ಗೆ ಕೊಟ್ಟು ಹತ್ತಿರ ಹತ್ತಿರ ಇದೇ ಕೆಲಸ ಮಾಡಿಸಬಹುದು.

ಜಾಗ ಮತ್ತು ಅನುಕ್ರಮದ ಮಾತಿಗೆ ಬರೋಣ. ನೀವು ಸೈಡ್‌ಬಾರನ್ನು ಹೊಂದಿಸುವುದು ಕಂಪ್ಯೂಟರಿನ ಅಗಲ ಪರದೆಯ ಮೇಲೆ; ನಿಮ್ಮ ಓದುಗರು ನೋಡುವುದು ಮೊಬೈಲಿನಲ್ಲಿ. ಅಲ್ಲಿ ಪಕ್ಕ ಎಂಬುದೇ ಇಲ್ಲ. ಪರದೆ ಕಿರಿದಾದಾಗ ಹೆಚ್ಚಿನ ಥೀಮ್‌ಗಳು ಸೈಡ್‌ಬಾರನ್ನು ಬರಹದ ಕೆಳಗೆ, ಪ್ರತಿಕ್ರಿಯೆಗಳೂ ಮುಗಿದ ಮೇಲೆ ಇಳಿಸುತ್ತವೆ. ಮೊಬೈಲಿನಲ್ಲಿ ನನ್ನ 17 ವಿಜೆಟ್‌ಗಳನ್ನು ದಾಟಿ ಪುಟದ ತಳ ಮುಟ್ಟಲು ಹೆಬ್ಬೆರಳಿನಿಂದ ಹದಿಮೂರು ಬಾರಿ ಎಳೆಯಬೇಕಾಯಿತು. ಲೇಖನ ಓದಲು ಬೇಕಾದದ್ದು ಆರು. ಹಾಗಾಗಿ ಮೊದಲನೆಯದಾಗಿ ಏನಿರಬೇಕು ಎಂಬ ಪ್ರಶ್ನೆಗೆ ಉತ್ತರ ಬದಲಾಗುತ್ತದೆ. ಕಂಪ್ಯೂಟರಿನಲ್ಲಿ ಮೇಲ್ತುದಿಯ ವಿಜೆಟ್ ಓದಲು ಆರಂಭಿಸುವವರ ಪಕ್ಕದಲ್ಲಿರುತ್ತದೆ. ಮೊಬೈಲಿನಲ್ಲಿ ಅದು ಓದಿ ಮುಗಿಸಿದವರ ಎದುರಿಗೆ ಬರುತ್ತದೆ. ಓದಿ ಮುಗಿಸಿದವರಿಗೆ ಲೇಖಕರ ಭಾವಚಿತ್ರ ಬೇಡ, ಅದೇ ವಿಷಯದ ಮುಂದಿನ ಬರಹ ಬೇಕು.

ಶೀರ್ಷಿಕೆಗಳ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ತೊಡಕಿದೆ. ಸೈಡ್‌ಬಾರಿನ ಅಗಲ ಸಾಮಾನ್ಯವಾಗಿ 300 ಪಿಕ್ಸೆಲ್ ಆಸುಪಾಸು. 'ಕೃಷಿಉತ್ಪನ್ನಮಾರುಕಟ್ಟೆಧಾರಣೆಗಳು' ಎಂದು ಕೂಡಿಸಿ ಬರೆದರೆ ಒಂದೇ ಪದ ಪಟ್ಟಿಯ ಅಂಚು ದಾಟಿ ಬರಹದ ಮೇಲೆ ಬೀಳುತ್ತದೆ. ಉದ್ದದ ಪದವನ್ನು ಮುರಿಯಲು, ಪುಟದ ರೂಪವನ್ನು ಹೊಂದಿಸುವ ಸಿಎಸ್‌ಎಸ್ ಎಂಬ ಭಾಷೆಯಲ್ಲಿ ಸೂಚನೆಯೇನೋ ಇದೆ, ಆದರೆ ಅದು ವ್ಯಾಕರಣ ಬಲ್ಲುದಲ್ಲ, ಎಲ್ಲಿ ಜಾಗ ಮುಗಿಯುತ್ತದೋ ಅಲ್ಲಿ ಮುರಿಯುತ್ತದೆ. 'ಧಾರಣೆ' ಎಂದರೆ ಸಾಕು, ಗಂಗಾವತಿಯ ಭತ್ತದ ವ್ಯಾಪಾರಿಗೆ ಅರ್ಥವಾಗುತ್ತದೆ. ಇನ್ನೊಂದು: ಇಂಗ್ಲಿಷಿಗಾಗಿ ಮಾಡಿದ ಥೀಮ್‌ಗಳು ವಿಜೆಟ್ ಶೀರ್ಷಿಕೆಯ ಅಕ್ಷರಗಳ ನಡುವೆ ಹೆಚ್ಚು ಅಂತರ ಕೊಟ್ಟಿರುತ್ತವೆ, ಸಾಲುಗಳ ನಡುವೆ ಕಡಿಮೆ. ನಮಗೆ ಬೇಕಾದದ್ದು ಇದರ ತಿರುವು. ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆ ಮಾಡಿ. ಸಾಲುಗಳ ನಡುವಿನದನ್ನು ಹೆಚ್ಚಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಶೀರ್ಷಿಕೆಯನ್ನು ಬಿಟ್ಟುಬಿಡುವುದು ಇದಕ್ಕೆ ಪರಿಹಾರವಲ್ಲ. ಪರದೆ ಓದುವ ತಂತ್ರಾಂಶ ಬಳಸುವ ದೃಷ್ಟಿಹೀನ ಓದುಗರೊಬ್ಬರು ನನಗೆ ತೋರಿಸಿಕೊಟ್ಟರು: ಅವರು ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯುತ್ತ ಪುಟವನ್ನು ತಿಳಿದುಕೊಳ್ಳುತ್ತಾರೆ. ನನ್ನ ಪಟ್ಟಿಯಲ್ಲಿ ಶೀರ್ಷಿಕೆಯಿಲ್ಲದ ಚಿತ್ರಗಳ ಬಳಿ ಅವರಿಗೆ ಕೇಳಿಸಿದ್ದು ಕಡತದ ಹೆಸರು, ಅಂದರೆ ಕ್ಯಾಮೆರಾ ಕೊಟ್ಟ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಸರಮಾಲೆ. ಅಂದೇ ಎಲ್ಲ ಚಿತ್ರಗಳಿಗೂ ಕನ್ನಡದಲ್ಲಿ ಪರ್ಯಾಯ ಪಠ್ಯ, ಅಂದರೆ ಚಿತ್ರದ ಬದಲು ಓದಿ ಹೇಳುವ ವಿವರಣೆ, ಬರೆದೆ.

ಕೊನೆಯದಾಗಿ ತೆಗೆಯುವ ಮತ್ತು ಸ್ಥಳಾಂತರಿಸುವ ಕೆಲಸ. ವರ್ಡ್‌ಪ್ರೆಸ್‌ನಲ್ಲಿ ನಿಷ್ಕ್ರಿಯ ವಿಜೆಟ್‌ಗಳ ಜಾಗವೊಂದಿದೆ. ಅಳಿಸುವ ಬದಲು ಅಲ್ಲಿಗೆ ಸರಿಸಿದರೆ ಒಳಗಿನ ಪಠ್ಯ, ಹೊಂದಾಣಿಕೆ ಎಲ್ಲ ಉಳಿಯುತ್ತದೆ, ಓದುಗರಿಗೆ ಕಾಣುವುದಿಲ್ಲ. ಥೀಮ್ ಬದಲಿಸಿದಾಗ ಹೊಸ ಥೀಮಿನಲ್ಲಿ ಜಾಗ ಸಿಗದ ವಿಜೆಟ್‌ಗಳೂ ಅಲ್ಲಿಗೇ ಹೋಗಿ ಸೇರುತ್ತವೆ. 'ವಿಜೆಟ್ ಎಲ್ಲ ಹೋದವು' ಎಂದು ಗಾಬರಿಯಾಗುವ ಮೊದಲು ಅಲ್ಲಿ ನೋಡಿ. ಬ್ಲಾಗರ್‌ನಲ್ಲಿ ತೆಗೆದ ಗ್ಯಾಜೆಟ್ ಮರಳಿ ಸಿಗುವುದಿಲ್ಲ. ಕೋಡನ್ನು ಮೊದಲೇ ನಕಲಿಸಿಡಬೇಕು.

ತಾಣವನ್ನೇ ಬೇರೆಡೆಗೆ ಒಯ್ಯುವವರು ಗಮನಿಸಿ: ವರ್ಡ್‌ಪ್ರೆಸ್‌ನ ಎಕ್ಸ್‌ಪೋರ್ಟ್ ಕಡತದಲ್ಲಿ ಬರಹಗಳಿರುತ್ತವೆ, ಪುಟಗಳಿರುತ್ತವೆ, ಪ್ರತಿಕ್ರಿಯೆಗಳಿರುತ್ತವೆ, ವಿಜೆಟ್‌ಗಳಿರುವುದಿಲ್ಲ. ಡೇಟಾಬೇಸಿನ ಪೂರ್ಣ ಬ್ಯಾಕಪ್‌ನಲ್ಲಿ ಅವು ಬರುತ್ತವೆ. ಏನೂ ತೋಚದಿದ್ದರೆ ಥೀಮ್ ಬದಲಿಸುವ ಮುನ್ನ ವಿಜೆಟ್ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ.

2021ರ ಜುಲೈಯಲ್ಲಿ ಬಂದ 5.8ನೆಯ ಆವೃತ್ತಿಯಿಂದ ವಿಜೆಟ್ ಪುಟವೂ ಬ್ಲಾಕುಗಳ ರೂಪಕ್ಕೆ ಬದಲಾಯಿತು. ಹಳೆಯ ನೋಟವೇ ಬೇಕೆನ್ನುವವರಿಗೆ ಕ್ಲಾಸಿಕ್ ವಿಜೆಟ್ಸ್ ಎಂಬ ಪ್ಲಗಿನ್ ಇದೆ. 2022ರ ಆರಂಭದ 5.9ರಿಂದ ಬಂದ ಬ್ಲಾಕ್ ಥೀಮ್‌ಗಳಲ್ಲಿ ವಿಜೆಟ್ ಪುಟವೇ ಕಾಣುವುದಿಲ್ಲ. ಸೈಡ್‌ಬಾರ್ ಎಂಬುದು ಟೆಂಪ್ಲೇಟಿನ, ಅಂದರೆ ಪುಟದ ಅಚ್ಚಿನ, ಒಂದು ಭಾಗವಾಗಿ ಸೈಟ್ ಎಡಿಟರ್‌ನಲ್ಲಿರುತ್ತದೆ. ಇದರಿಂದ ಒಂದು ಲಾಭವಿದೆ: ಒಂದೊಂದು ಬಗೆಯ ಪುಟಕ್ಕೆ ಒಂದೊಂದು ಬಗೆಯ ಪಟ್ಟಿಯನ್ನು ಪ್ಲಗಿನ್ ಇಲ್ಲದೆ ಕೊಡಬಹುದು. ಶಾಸನದ ಲೇಖನದ ಪಕ್ಕದಲ್ಲಿ ಭತ್ತದ ಧಾರಣೆ ಬರಬೇಕಾಗಿಲ್ಲ. ಎಷ್ಟೋ ತಾಣಗಳು ಒಂಟಿ ಬರಹದ ಪುಟದಿಂದ ಸೈಡ್‌ಬಾರನ್ನೇ ತೆಗೆದಿವೆ. ದೀರ್ಘ ಓದಿನ ಬರಹಗಳಿಗೆ ಅದು ಸರಿಯೆಂದೇ ನನಗನ್ನಿಸುತ್ತದೆ, ನಾನೂ ಶಾಸನದ ವಿಭಾಗದಲ್ಲಿ ಹಾಗೆಯೇ ಮಾಡಿದ್ದೇನೆ.

ನನ್ನ 17ರಲ್ಲಿ ಈಗ ಉಳಿದಿರುವುದು ಐದು: ಹುಡುಕು ಪೆಟ್ಟಿಗೆ, ಜಲಾಶಯ ಮಟ್ಟ, ಇದೇ ವಿಭಾಗದ ಇತರ ಬರಹಗಳು, ವಿಭಾಗಗಳು, ಸಂಪರ್ಕ. ಜಲಾಶಯದ ಚೌಕದ ಮೇಲೆ 'ಇಂದಿನ' ಎಂಬ ಪದವಿಲ್ಲ. ಅಂಕಿ ಮತ್ತು ಅದರ ಕೆಳಗೆ ದಿನಾಂಕ, ಅಷ್ಟೆ. ಹೋದ ವಾರ ಊರಿಗೆ ಹೋಗಿದ್ದವನು ನಾಲ್ಕು ದಿನ ಅಂಕಿ ಹಾಕಿರಲಿಲ್ಲ. ಕಾರಟಗಿಯವರು ಫೋನ್ ಮಾಡಿದರು. ಈ ಸಲ ಯಾವುದು ಖರೆ ಎಂದು ಕೇಳಲಿಲ್ಲ. "ಸರ್, ನಿಮ್ಮ ಡ್ಯಾಮು ಮಂಗಳವಾರಕ್ಕ ನಿಂತೈತಿ" ಎಂದರು.